ಜೋಡಿ ಅಕ್ಕನ ಬಿಸ್ಕತ್ತು ಡಬ್ಬಿ

ಬೆಳಗ್ಗೆ ಆರೂವರೆ. ಕಿವಿ ಆಸ್ಪತ್ರೆಯ ಹಿಂಬದಿ ಕೋಣೆಗೆ ಬಂದ ಜೋಡಿ ಅಕ್ಕ ಮೊದಲು ತಮ್ಮ ಮೊಬೈಲ್ ಆಫ್ ಮಾಡುತ್ತಾರೆ. ಆಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಮೇಜಿಗೆ ತರುತ್ತಾರೆ. ಶ್ರವಣಯಂತ್ರಗಳನ್ನು ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವುದು ಇವರ ಕೆಲಸ. ದಿನಕ್ಕೆ ಹದಿನೆಂಟು ಜೋಡಿ, ಹನ್ನೊಂದು ವರ್ಷದಿಂದ.

"ಎರಡು ಫೋನ್ ಜೋಡಿಸೋದಾದ್ರೆ ಎರಡರಲ್ಲೂ ಒಂದೇ ನಂಬರ್ ಬರುತ್ತೆ, ನೋಡಿ ಹೂಂ ಅಂತೀವಿ. ಕಿವಿ ಮಿಷಿನ್ನಿಗೆ ಪರದೆ ಎಲ್ಲಿದೆ? ಹತ್ತಿರ ಯಾರಿದ್ರೂ ಕೈ ಹಿಡಿದುಬಿಡುತ್ತೆ" ಎಂದು ಪಕ್ಕದಲ್ಲಿ ಕೂತು ನೋಡುತ್ತಿರುವ ನನಗೆ ಹೇಳುತ್ತಾರೆ. ಕೈ ಹಿಡಿದ ಮೇಲೆ ಎರಡೂ ಸೇರಿ ಗುಟ್ಟಿನ ಕೀ ಒಂದನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತವೆ. ಮುಂದಿನ ಮಾತೆಲ್ಲ ಆ ಬೀಗದೊಳಗೆ. ಅದಕ್ಕೇ ಒಬ್ಬರದನ್ನು ಜೋಡಿಸುವಾಗ ಇನ್ನೊಬ್ಬರದು ಡಬ್ಬಿಯಲ್ಲಿರುತ್ತದೆ. ತಗಡು ದಾಟಿ ಸಿಗ್ನಲ್ ಸುಲಭಕ್ಕೆ ಬರುವುದಿಲ್ಲ.

ಕಳೆದ ವಾರ ಅಕ್ಕ ಮುಚ್ಚಳ ಹಾಕುವುದನ್ನೇ ಮರೆತರು. ಅಂದು ಬಂದಿದ್ದ ಅಜ್ಜ ಅಜ್ಜಿ, ಗಂಡ ಹೆಂಡತಿ, ಇಬ್ಬರದೂ ಒಂದೇ ಮಾದರಿಯ ಯಂತ್ರ. ಅಜ್ಜಿಯ ಫೋನು ಅಜ್ಜನ ಕಿವಿಗೆ ಗಂಟುಬಿತ್ತು. ಇನ್ನೊಂದು ದೂರು ಬಂದರೆ ಅಕ್ಕನನ್ನು ಟೋಕನ್ ಕೌಂಟರಿಗೆ ಕಳಿಸುವುದಾಗಿ ಮೇಲಿನವರು ಆಗಲೇ ಹೇಳಿಯಾಗಿತ್ತು.

ಇಂದು ಇಬ್ಬರೂ ಎದುರಿಗೆ ಕೂತಿದ್ದಾರೆ. "ನಾಲ್ಕು ದಿನದಿಂದ ತಂಗಿ ಫೋನ್ ಮಾಡ್ತಾಳೆ, ನಂಗೆ ಒಂದಕ್ಷರ ಕೇಳಲ್ಲ. ಹಲೋ ಹಲೋ ಅಂದು ಗಂಟಲು ಒಣಗಿತು. ದೂರಿನ ಪುಸ್ತಕ ಕೊಡಿ" ಎನ್ನುತ್ತಾರೆ ಅಜ್ಜಿ. ಅಜ್ಜ ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ಓದುತ್ತಿದ್ದಾರೆ.

"ನಿಮಗೆ ಕೇಳಿಸ್ತಿತ್ತಾ, ಯಜಮಾನ್ರೇ?"

"ಸ್ಪಷ್ಟವಾಗಿ. ನನ್ನ ಗೊರಕೆ ವಿಷಯ. ಇವಳು ಹಲೋ ಅಂದಷ್ಟೂ ಅವಳು ಮೊದಲಿಂದ ಹೇಳ್ತಿದ್ಲು. ಮಧ್ಯದಲ್ಲಿ ಎದ್ದು ಹೋಗೋಕೆ ಮನಸ್ಸಾಗಲಿಲ್ಲ."

ಅಜ್ಜಿಯ ನೋಟಕ್ಕೆ ಕ್ಯಾಲೆಂಡರೂ ನಡುಗಬೇಕು. ಅಕ್ಕ ನೆಪ ಹೇಳುವುದಿಲ್ಲ. "ತಪ್ಪು ನಂದೇ ಅಮ್ಮ, ಮುಚ್ಚಳ ಹಾಕಿರ್ಲಿಲ್ಲ. ಸರಿ ಮಾಡ್ತೀನಿ, ಆಮೇಲೆ ಬರೀರಿ" ಎಂದು ಪುಸ್ತಕವನ್ನೂ ಪೆನ್ನನ್ನೂ ತಾವೇ ತಂದಿಡುತ್ತಾರೆ.

"ಒಂದು ಕಡೆ ಅಳಿಸಿದ್ರೆ ಸಾಲದು, ಫೋನೂ ಮಿಷಿನ್ನೂ ಎರಡೂ ಹಳೇ ಕೀ ಮರೀಬೇಕು. ಇಲ್ಲಾಂದ್ರೆ ಒಂದು ಹಳೇ ಸಲುಗೆಯಿಂದ ಬಾಗಿಲು ಬಡಿಯುತ್ತೆ, ಇನ್ನೊಂದು ಯಾರು ನೀನು ಅನ್ನುತ್ತೆ." ಅಳಿಸಿದ ಮೇಲೆ ಅಜ್ಜನ ಯಂತ್ರ ಡಬ್ಬಿಗೆ, ಮುಚ್ಚಳದ ಮೇಲೆ ಮೊಣಕೈ. ಅಜ್ಜಿಯದು ಮುಗಿದ ಮೇಲೆ ಅಜ್ಜನ ಸರದಿ.

ಇಬ್ಬರೂ ಯಂತ್ರ ಕಿವಿಗಿಡುವಷ್ಟರಲ್ಲಿ ಅಜ್ಜಿಯ ಫೋನು ಗುನುಗುತ್ತದೆ. ತಂಗಿ. ಅಜ್ಜಿ ಕೇಳುತ್ತಾ ಕೇಳುತ್ತಾ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ. ಅಜ್ಜ ತಮ್ಮ ಯಂತ್ರವನ್ನು ಎರಡು ಸಲ ತಟ್ಟಿ ನೋಡಿ, ಕೊನೆಗೆ ಕೇಳಿಯೇಬಿಡುತ್ತಾರೆ: "ಏನಂತೆ?"

"ಏನಿಲ್ಲ" ಎಂದು ಅಜ್ಜಿ ದೂರಿನ ಪುಸ್ತಕವನ್ನು ಹಾಗೇ ಹಿಂದಕ್ಕೆ ತಳ್ಳುತ್ತಾರೆ.

ಅವರು ಹೋದ ಮೇಲೆ ಅಕ್ಕ ಡಬ್ಬಿ ಒರೆಸುತ್ತಾ ನನ್ನತ್ತ ತಿರುಗುತ್ತಾರೆ. "ಆ 'ಏನಿಲ್ಲ' ಕೇಳಿಸ್ಕೊಂಡ್ರಾ? ನನ್ನ ಕೆಲಸ ಸರಿಯಾಗಿದೆ ಅಂತ ಅರ್ಥ."