ಗುಬ್ಬಿಯನ್ನು ಮಲಗಿಸುವ ಪಾಳಿ

ಅಳುವ ಮಕ್ಕಳ ಕೂದಲು ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ನಲವತ್ತು ವರ್ಷದಿಂದ ಅದೇ ಕನ್ನಡಿ, ಅದೇ ಕುರ್ಚಿ. ಬೇರೆ ಕಡೆ ಸೂರು ಹಾರಿಹೋಗುವಂತೆ ಕಿರುಚಿದ ಮಕ್ಕಳು ಅವನ ಕುರ್ಚಿಗೆ ಅಡ್ಡ ಇಟ್ಟ ಹಲಗೆಯ ಮೇಲೆ ತೆಪ್ಪಗೆ ಕೂರುತ್ತಿದ್ದವು. ಹಾಗಾಗಿ ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಜೆ ಪಾಳಿ ಬಿದ್ದಾಗ, ಎರಡೂವರೆ ವರ್ಷದ ಮೊಮ್ಮಗಳನ್ನು ಮಲಗಿಸುವ ಕೆಲಸವನ್ನು ಅವನೇ ಮೈಮೇಲೆ ಎಳೆದುಕೊಂಡ. ಅಳಿಯ ಲಾರಿ ಓಡಿಸುವವನು, ವಾರಕ್ಕೆರಡು ದಿನ ಮನೆಯಲ್ಲಿ ಕಂಡರೆ ಹೆಚ್ಚು.

"ನಿನ್ನ ಕೈಲಿ ಆಗುತ್ತಾ ಅಪ್ಪ?" ಅಂದಳು ಮಗಳು.

"ಊರ ಮಕ್ಕಳನ್ನೆಲ್ಲ ಪಳಗಿಸಿದೀನಿ. ಈ ಗುಬ್ಬಿ ಯಾವ ಲೆಕ್ಕ?"

ಚೆನ್ನಾಗಿ ದಣಿಸಿದರೆ ಬೇಗ ನಿದ್ದೆ ಬರುತ್ತದೆ ಎಂಬುದು ಅವನ ಎಣಿಕೆ. ಸೋಮವಾರ ಸಂಜೆ ಅಂಗಡಿಯ ಬಾಗಿಲೆಳೆದು ಬಂದವನೇ ನೆಲಕ್ಕೆ ಮಂಡಿಯೂರಿ ಕುದುರೆಯಾದ. ಎಂಟರ ಹೊತ್ತಿಗೆ ಕುದುರೆಯ ಮಂಡಿ ಸೋತಿತು, ಸವಾರಳು ಸೋಲಲಿಲ್ಲ. ಕಣ್ಣು ಕೆಂಪಾಗಿತ್ತು, ಕಿವಿ ಉಜ್ಜಿಕೊಳ್ಳುತ್ತಿದ್ದಳು. ಆದರೂ ಹಾಸಿಗೆಗೆ ಬೆನ್ನು ತಾಗಿದರೆ ಸಾಕು, ಬಿಲ್ಲಿನಂತೆ ಬಾಗಿ ಅಳು. "ಕಣ್ಣು ಮುಚ್ಚು ಕಂದ" ಅಂದರೆ ಇನ್ನೂ ಅಗಲಿಸಿದಳು. ಒಂಬತ್ತಕ್ಕೆ ಮಗಳು ಬಂದಾಗ ಮಗು ಅವನ ಹೆಗಲ ಮೇಲೆ ಬಿಕ್ಕುತ್ತಿತ್ತು. ಅವನ ಮುಖವೂ ಅಳುವ ಹಾಗೇ ಇತ್ತು.

ಮಗಳು ನಗಲಿಲ್ಲ. ಮಗುವನ್ನು ಎತ್ತಿಕೊಂಡು, "ಇದು ಸುಸ್ತಾದಷ್ಟೂ ಹಠ ಜಾಸ್ತಿ ಮಾಡುತ್ತೆ ಅಪ್ಪ. ಅಂಗಡೀಲಿ ಹೆದರಿದ ಮಕ್ಕಳನ್ನ ಹೇಗೆ ಕೂರಿಸ್ತೀಯ?" ಎಂದು ಕೇಳಿದಳು.

ಅವನು ರಾತ್ರಿ ಅದನ್ನೇ ಯೋಚಿಸಿದ. ಅಂಗಡಿಯಲ್ಲಿ ಯಾವ ಮಗುವಿಗೂ "ಅಲ್ಲಾಡಬೇಡ" ಅಂದವನಲ್ಲ. ಮೊದಲು ಬಾಚಣಿಗೆ ಕೈಗೆ ಕೊಡುವುದು. ಯಾವ ಟವಲು ಬೇಕು ಅಂತ ಕೇಳುವುದು. ಈಗ ನೀರು ಚಿಮುಕಿಸ್ತೀನಿ, ಈಗ ಕಿವಿ ಹಿಂದೆ ಕತ್ತರಿ ಬರುತ್ತೆ, ಹೀಗೆ ಒಂದೊಂದನ್ನೂ ಮುಂಚೆಯೇ ಹೇಳಿ ಆಮೇಲೆ ಮಾಡುವುದು. ಅವಸರ ಅನ್ನುವುದೇ ಇಲ್ಲ. ಮನೆಗೆ ಬಂದ ಮೇಲೆ ಆ ಬುದ್ಧಿಯೆಲ್ಲ ಎಲ್ಲಿ ಹೋಗಿತ್ತೋ.

ಮರುದಿನ ಕುದುರೆ ಲಾಯ ಬಿಟ್ಟು ಹೊರಡಲಿಲ್ಲ. ಏಳಕ್ಕೆ ಊಟ ಮುಗಿಯಿತು. ದೊಡ್ಡ ದೀಪ ಆರಿಸಿ ಮೂಲೆಯ ಸಣ್ಣದನ್ನು ಹಚ್ಚಿದ.

"ಈಗ ಕಾಲಿಗೆ ಬಿಸಿನೀರು. ಆಮೇಲೆ ಹೊದಿಕೆ. ನೀಲಿದೋ, ಹಳದೀದೋ?"

ಗುಬ್ಬಿ ಬಹಳ ಹೊತ್ತು ಯೋಚಿಸಿ, "ಎಯ್ಡೂ" ಅಂದಳು.

ಎರಡೂ ಬಂದವು. ಮಲಗಿದವಳು ನೀರು ಬೇಕೆಂದು ಎದ್ದಳು, ಕುಡಿದಳು. ಗೊಂಬೆಗೂ ನೀರು ಬೇಕೆಂದು ಮತ್ತೆ ಎದ್ದಳು. ಅವನು ಬೈಯಲೂ ಇಲ್ಲ, ಕಥೆ ಕಟ್ಟಲೂ ಇಲ್ಲ, ಸುಮ್ಮನೆ ಎತ್ತಿ ತಂದು ಮಲಗಿಸಿ ಪಕ್ಕದಲ್ಲಿ ಕೂತ. ಅವಳ ಕೂದಲಲ್ಲಿ ಕತ್ತಿನಿಂದ ಮೇಲಕ್ಕೆ ಬೆರಳಾಡಿಸಿದ. ನೆತ್ತಿಯ ಮೇಲೆ ಎರಡು ಸುಳಿ. ಸಾವಿರಾರು ತಲೆ ನೋಡಿದವನಿಗೆ ಮನೆಯದೇ ತಲೆಯಲ್ಲಿ ಎರಡು ಸುಳಿ ಇರುವುದು ಅಂದೇ ಕಂಡದ್ದು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಉಸಿರು ಉದ್ದವಾಯಿತು, ಅವನ ಹೆಬ್ಬೆರಳನ್ನು ಹಿಡಿದ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು.

ಶುಕ್ರವಾರದ ಹೊತ್ತಿಗೆ ಅವನು ಹೇಳುವುದೇ ಬೇಕಾಗಿರಲಿಲ್ಲ. "ತಾತಾ, ಈಗ ಕಾಲು" ಎಂದು ಅವಳೇ ಬಚ್ಚಲ ಕಡೆ ನಡೆದಳು. ಹತ್ತೇ ನಿಮಿಷದಲ್ಲಿ ನಿದ್ದೆ.

ಮಗಳು ಬಂದು ಬಾಗಿಲ ಸಂದಿಯಿಂದ ಇಣುಕಿದಳು, ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟಳು. ಅಪ್ಪ ಮಗಳು ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂತರು.

"ಮುಂದಿನ ತಿಂಗಳು ಬೆಳಗಿನ ಪಾಳಿ ಕೇಳಲಾ?" ಎಂದಳು ಪಿಸುದನಿಯಲ್ಲಿ.

ಅವನು ತುತ್ತು ನುಂಗಿ, "ಏನು ಅವಸರ?" ಅಂದ. "ಈಗ ತಾನೇ ಕೈ ಕೂರ್ತಿದೆ."