ರೇಷ್ಮೆ ಕೌದಿಯೊಳಗಿನ ನುಚ್ಚು

ನಮ್ಮ ಅತ್ತೆಗೆ ಒಮ್ಮೆ ಸಮುದ್ರ ನೋಡುವ ಆಸೆ. ಪುಣೆಯಿಂದ ಅರ್ಧ ದಿನದ ದಾರಿ, ಅದೇನು ದೊಡ್ಡ ಮಾತು ಎನ್ನಬೇಡಿ. ಅತ್ತೆ ಮಡಿಯವರು. ಮಡಿಯಲ್ಲಿ ತಾವೇ ಮಾಡಿದ ಅಡುಗೆ ಬಿಟ್ಟು ಬೇರೆಯದನ್ನು ಮುಟ್ಟುವವರಲ್ಲ. ಮೊದಲೆಲ್ಲ ಎಲ್ಲಿಗೆ ಹೊರಟರೂ ಬಾಳೆಹಣ್ಣು ತಿಂದು ದಿನ ದೂಡುತ್ತಿದ್ದರು. ಸಕ್ಕರೆ ಕಾಯಿಲೆ ಬಂದ ಮೇಲೆ ಆ ಆಟ ನಡೆಯಲಿಲ್ಲ. ಒಮ್ಮೆ ಧಾರವಾಡದ ರೈಲಿನಲ್ಲಿ ಹಸಿವಿಗೆ ಮೈಯೆಲ್ಲ ಬೆವೆತು, ಕೈ ನಡುಗಿ, ನನ್ನ ಹೆಗಲ ಮೇಲೆ ಒರಗಿಬಿಟ್ಟರು. ಹೊತ್ತಿಗೆ ಸರಿಯಾಗಿ ಊಟವಿಲ್ಲದಿದ್ದರೆ ಪ್ರವಾಸ ಬಂದ್ ಎಂದು ಡಾಕ್ಟರು ಮರಾಠಿಯಲ್ಲಿ ಗದರಿದರು. ಅತ್ತೆ ಮನೆಗೆ ಬಂದವರೇ, "ಆತು ಬಿಡು, ಸಮುದ್ರ ಟೀವ್ಯಾಗೂ ಕಾಣಸ್ತದ" ಎಂದು ಒಳಗೆ ಹೋದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ, ಆದರೆ ಅಂದು ಕಾರಣವಿತ್ತು. ನಾನು ಶಿವಾಜಿನಗರದ ಕಚೇರಿಗೆ ಓಡಾಡಿದಷ್ಟೂ ವರ್ಷ ನನ್ನ ಮಕ್ಕಳನ್ನು ಸಾಕಿದ್ದು ಈ ಹೆಂಗಸು. ಇವರಿಗೊಂದು ಸಮುದ್ರ ತೋರಿಸಲು ಆಗದಿದ್ದರೆ ನಾವೆಲ್ಲ ಇದ್ದು ಏನು ಬಂತು?

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಲಂಡನ್ನಿನಿಂದ ಬಂದ ನಾದಿನಿ ಒಂದು ಸ್ಲೋ ಕುಕ್ಕರ್ ತಂದಳು. ದಪ್ಪ ಪಿಂಗಾಣಿ ಪಾತ್ರೆ, ಕೆಳಗೆ ಕರೆಂಟಿನ ಸಣ್ಣ ಕಾವು; ಬೆಳಿಗ್ಗೆ ಇಟ್ಟರೆ ಮಧ್ಯಾಹ್ನಕ್ಕೆ ಬೇಯುವುದು. ಅಲ್ಲಿಯ ಜನ ವ್ಯಾನನ್ನೇ ಮನೆ ಮಾಡಿಕೊಂಡು ರಜೆಗೆ ಹೋಗುತ್ತಾರೆ, ಮಲಗುವುದೂ ಅದರಲ್ಲೇ ಅಡುಗೆಯೂ ಅದರಲ್ಲೇ ಎಂದು ಅವಳು ಹೇಳಿದ್ದೇ ತಡ, ನಮ್ಮ ಯಜಮಾನರ ತಲೆಯಲ್ಲಿ ಹುಳ ಹೊಕ್ಕಿತು. ಯೆರವಡಾದ ಗ್ಯಾರೇಜೊಂದರಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಶಾಲಾ ವ್ಯಾನು ನಮ್ಮ ಮನೆ ಮುಂದೆ ಬಂದು ನಿಂತಿತು. ಸೀಟು ಕಿತ್ತು ಹಲಗೆ ಹಾಕಿದರು, ನೀರಿನ ಡ್ರಮ್ಮು ಕಟ್ಟಿದರು. ಪರದೆ ಹೊಲಿಯುವ ಕೆಲಸ ನನ್ನ ತಲೆಗೆ ಬಂತು.

ನನ್ನ ಕಣ್ಣು ಇದ್ದದ್ದು ಕುಕ್ಕರಿನ ಮೇಲೆ. ಮಾಡಿದ ಅಡುಗೆಯನ್ನು ಕಟ್ಟಿಕೊಂಡು ದಾರಿ ನಡೆದರೆ ಮಡಿ ಕೆಟ್ಟಿತೆಂದು ಅತ್ತೆಗೆ ಅದು ನಡೆಯುವುದಿಲ್ಲ. ಆದರೆ ಇನ್ನೂ ಬೇಯುತ್ತಿರುವುದು?

"ಅತ್ತ್ಯಾರ, ನೀವು ಮಡೀಲೆ ಒಲಿಗೆ ಇಟ್ಟದ್ದು ಸಮುದ್ರ ಬರೂತನಕಾ ಬೇಯಕೋತನ ಇದ್ರ, ಅದು ಅಡಿಗಿ ಆದಂಗೋ, ಆಗಲಾರದಂಗೋ?"

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಯೋಚಿಸಿದರು. "ಬೇಯೂದು ಮುಗೀಲಿಲ್ಲಂದ್ರ ಅಡಿಗಿ ಆತು ಅಂತ ಹ್ಯಾಂಗ ಅನ್ನಲಿಕ್ಕೆ ಬರ್ತದ? ವಕೀಲಕಿ ಆಗಬೇಕಾಗಿತ್ತು ನೀ."

ಮೊದಲು ಪರೀಕ್ಷೆಗೆಂದು ಸಾಸವಡದ ಕಡೆ ಹೊರಟೆವು. ಪಿಂಗಾಣಿ ಮಡಿಗೆ ಬರುವುದಿಲ್ಲ; ಅದರಲ್ಲಿ ನೀರು ಹುಯ್ದು ಅತ್ತೆ ತಮ್ಮ ಸ್ಟೀಲಿನ ಡಬ್ಬಿ ಇಳಿಸಿದರು, ಒಳಗೆ ಜೋಳದ ನುಚ್ಚು, ಹೆಸರುಬೇಳೆ. ಯಜಮಾನರು ಇನ್ವರ್ಟರ್ ಹಚ್ಚಿ ವ್ಯಾನಿನ ಬ್ಯಾಟರಿಗೇ ಕುಕ್ಕರ್ ಜೋಡಿಸಿದರು. ದಾರಿಯಲ್ಲಿ ಒಂದು ಮರದ ಕೆಳಗೆ ನಿಂತ ವ್ಯಾನು ಮತ್ತೆ ಏಳಲಿಲ್ಲ. ಕುಕ್ಕರು ಬ್ಯಾಟರಿಯನ್ನು ಪೂರ್ತಿ ಹೀರಿತ್ತು, ಇತ್ತ ನುಚ್ಚು ಹಲ್ಲಿಗೆ ಕಲ್ಲು. ಸಂತೆಗೆ ಹೊರಟಿದ್ದ ಮಂದಿ ನಕ್ಕೋತ ದೂಡಿಕೊಟ್ಟರು. ನಾನು ಯಜಮಾನರಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆ ಮಾತ್ರ ಮನೆ ಮುಟ್ಟುವತನಕ ಬಾಗಿಲ ಹಿಡಿಕೆ ಬಿಗಿಹಿಡಿದು ಕೂತಿದ್ದರು, ಕೈ ನಡುಗುವುದು ನಮಗೆ ಕಾಣದಿರಲಿ ಎಂದು.

ನಾನು ಆಸೆ ಬಿಟ್ಟೆ. ಅತ್ತೆ ಬಿಟ್ಟಿರಲಿಲ್ಲ. ಮರುದಿನ ಟ್ರಂಕು ತೆಗೆದು ಕೂತರು. "ಒಮ್ಮೆ ಕುದಿ ಬಂದದ್ದನ್ನ ಬೆಚ್ಚಗ ಹೊದಿಸಿದ್ರ ತಾನ ಬೇಯ್ತದ. ಕರೆಂಟ್ ಯಾಕ ಬೇಕು?" ಆದರೆ ಯಾವುದನ್ನು ಹೊದಿಸುವುದು? ಮಲಗುವ ಕೌದಿ ಮಡಿಗೆ ಬಾರದು. ಮಡಿಯ ಉಣ್ಣೆ ಧಾಬಳಿಯನ್ನು ನುಸಿ ತಿಂದಿತ್ತು. ಉಳಿದದ್ದು ಅವರ ಹಳೆಯ ರೇಷ್ಮೆ ಸೀರೆಗಳು. ನೂಲಿನ ಬಟ್ಟೆಯನ್ನು ಬೇರೆಯವರು ಮುಟ್ಟಿದರೆ ಮೈಲಿಗೆ. ರೇಷ್ಮೆಗೆ ಅದು ತಟ್ಟುವುದಿಲ್ಲ. ಸೀರೆ ಕತ್ತರಿಸಿ, ಮಧ್ಯಾಹ್ನಗಳೆಲ್ಲ ಕೂತು, ನುಚ್ಚು ಬೇಯಿಸುವ ಡಬರಿಯ ಅಳತೆಗೆ ಒಂದು ದಪ್ಪ ಕೌದಿ ಹೊಲಿದರು. ತಮ್ಮ ಮದುವೆಯ ಸೀರೆಗೂ ಕತ್ತರಿ ಹಾಕಿದರು. ಬ್ಯಾಡ್ರಿ ಎಂದರೆ, "ಇನ್ನೇನ ಮತ್ತ ಮದವಿ ಆಗಬೇಕಾಗೇದೇನು?" ಎಂದರು.

ಕೊಂಕಣಕ್ಕೆ ಹೊರಟ ದಿನ ಅತ್ತೆ ನಸುಕಿನಲ್ಲೇ ನುಚ್ಚು ಕುದಿಸಿ, ಮುಚ್ಚಳ ಬಿಗಿದು, ಕೌದಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟರು. ತಾವು ಅದರ ಪಕ್ಕ, ನಮಗೆ ತಾಗದಂತೆ ಹಲಗೆಯ ಮೂಲೆಯಲ್ಲಿ. ಘಾಟಿನ ಮೇಲೆ ನಾವೆಲ್ಲ ಚಹಾ ಕುಡಿದು ವಡಾಪಾವ್ ತಿಂದೆವು. ಇಳಿಯುವಾಗ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಯಜಮಾನರು ಬ್ರೇಕ್ ಒತ್ತಿದ ಹೊಡೆತಕ್ಕೆ ಪೆಟ್ಟಿಗೆ ಮಗುಚಿತು, ಕೌದಿಯ ಗಂಟು ಬಾಗಿಲ ಕಡೆ ಉರುಳಿತು. ನಾನು ಹಾರಿ ಹಿಡಿದುಬಿಟ್ಟೆ.

ವಡಾಪಾವಿನ ಕೈ. ಪೆಟ್ಟಿಗೆ ಒಡೆದಿತ್ತು, ಕೆಳಗಿಟ್ಟರೆ ಮತ್ತೆ ಉರುಳುವುದು. ಅದಕ್ಕೆ ಘಾಟು ಮುಗಿಯುವತನಕ ತೊಡೆಯ ಮೇಲೆ ಅವಚಿಕೊಂಡೇ ಕೂತೆ. ಬಿಸಿ ಹೊಟ್ಟೆಗೆ ತಾಗುತ್ತಿತ್ತು. ಎಮ್ಮೆಯ ಮೇಲೆ, ಗಂಡನ ಮೇಲೆ, ನನ್ನ ಹಾಳು ಕೈಯ ಮೇಲೆ ಸಿಟ್ಟು ಬಂದು ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

ಸಮುದ್ರ ಬಂತು. ಅತ್ತೆ ನಿರಿಗೆ ಎತ್ತಿ ಹಿಡಿದು ನೀರಲ್ಲಿ ನಿಂತರು, ತೆರೆ ಕಾಲಡಿಯ ಮರಳು ಎಳೆದಾಗಲೆಲ್ಲ ಸಣ್ಣ ಹುಡುಗಿಯ ಹಾಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಆಮೇಲೆ ದಂಡೆಗೆ ಬಂದು ಕೂತರು. ಊಟದ ಹೊತ್ತು ದಾಟಿತ್ತು. ಕೈ ಸಣ್ಣಗೆ ನಡುಗುತ್ತಿತ್ತು.

"ಅತ್ತ್ಯಾರ, ನಾ ಗಂಟು ಮುಟ್ಟಿಬಿಟ್ಟೇನ್ರಿ," ಎಂದೆ, ಅವರು ನೋಡಿಯೇ ಇಲ್ಲವೇನೋ ಎಂಬಂತೆ.

"ನೀ ಮುಟ್ಟಿದ್ದು ರೇಶ್ಮಿ. ರೇಶ್ಮಿಗೆ ಏನಾಗ್ತದ? ತಾ ಇಲ್ಲೆ."

ತಾವೇ ಗಂಟು ಬಿಚ್ಚಿದರು. ಹಬೆ ಬಂತು. ನುಚ್ಚು ಬೆಣ್ಣೆಯ ಹಾಗೆ ಬೆಂದಿತ್ತು. ತುಪ್ಪ ಹಾಕಿಕೊಂಡು ಎರಡು ಸಲ ಉಂಡರು, ಆಮೇಲೆ ನಮಗೆಲ್ಲ ಬಡಿಸಿದರು. ಅವರ ಕೈ ನಡುಗುವುದು ನಿಂತದ್ದನ್ನು ನೋಡಿದ ಮೇಲೆಯೇ ನಾನು ತುತ್ತು ಎತ್ತಿದ್ದು. ಆ ಊಟದ ಋಣ ಯಾರಿಗೆ ಸಲ್ಲಬೇಕೋ, ದೇವರಿಗೋ ಕೌದಿಗೋ, ಇಬ್ಬರಿಗೂ ಕೈಮುಗಿದೆ.

ಆ ಕೌದಿ ಆಮೇಲೆ ಎಷ್ಟೋ ಊರು ತಿರುಗಿತು. ಕೆಲವು ವರ್ಷಗಳ ನಂತರ ಇಲಿ ಅದರ ಮೂಲೆ ಕಚ್ಚಿತು. ತೇಪೆ ಹಾಕೋಣವೆಂದು ಹೊಲಿಗೆ ಬಿಚ್ಚಿದರೆ, ರೇಷ್ಮೆಯ ಎರಡು ಪದರಗಳ ನಡುವೆ ನನ್ನ ನೀಲಿ ಚೌಕಳಿಯ ಸೀರೆ. ಅಚ್ಚ ನೂಲಿನದು. ಕಚೇರಿಗೆ ಉಟ್ಟು ಉಟ್ಟು ಸವೆಸಿದ್ದು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹೋಯಿತೆಂದುಕೊಂಡಿದ್ದೆ.

ಅತ್ತೆ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು.

"ಅತ್ತ್ಯಾರ, ಒಳಗ ನೂಲಿನ ಸೀರಿ ಅದ."

"ಹೂಂ. ರೇಶ್ಮಿ ಸಾಲಲಿಲ್ಲ. ಯಾರು ಮುಟ್ಟವ್ರು ಅಂತ ಹಾಕಿದೆ."

"ಮತ್ತ ನಾ ಮುಟ್ಟಿದೆನಲ್ರಿ. ಗೊತ್ತಿದ್ದೂ ಉಂಡ್ರಿ?"

ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಘಾಟ ಇಳಿಯೂತನಕಾ ಕೂಸಿನ್ನ ಹಿಡಕೊಂಡಂಗ ಹಿಡಕೊಂಡು, ಅಳಕೋತ ಕೂತಿದ್ದಿ. ನಾ ಉಣ್ಣಲಿಲ್ಲಂದ್ರ ನಿನ್ನ ಮಾರಿ ಹ್ಯಾಂಗ ನೋಡ್ಲಿ?"

ಹರಿದ ಮೂಲೆಗೆ ಅದೇ ನೀಲಿ ಸೀರೆಯ ತುಂಡಿನಿಂದ, ಹೊರಗೆ ಕಾಣುವ ಹಾಗೆ, ತೇಪೆ ಹಾಕಿದೆ. ಅತ್ತೆ ಅದನ್ನು ಕಂಡರು. ಮರುವಾರ ವ್ಯಾನು ಹೊರಡುವಾಗ ಅದರಲ್ಲೇ ಡಬರಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟರು.