ಉದ್ದಿನ ಹಿಟ್ಟು ಹತ್ತಿದ ಗಡಿಯಾರ

ಮದುವೆಯಲ್ಲಿ ಮಾವ ನನಗೆ ಕೀ ಕೊಡಬೇಕಿಲ್ಲದ ಆಟೋಮ್ಯಾಟಿಕ್ ಕೈಗಡಿಯಾರ ಕಟ್ಟಿದ್ದರು. ೧೯೮೦ರ ಸುಮಾರಿರಬೇಕು, ಆಗ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕುರ್ಚಿಗೆ ಅಂಟಿಕೊಂಡು ಸಹಿ ಹಾಕುತ್ತಿದ್ದೆ. ಬೆಲೆಬಾಳುವ ವಸ್ತುವೆಂದು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆಯ ಜೊತೆ ಬೀರುವಿನಲ್ಲಿಡುತ್ತಿದ್ದೆ. ಭಾನುವಾರ ತೆಗೆದರೆ ನಿಂತಿರುತ್ತಿತ್ತು. ಆಫೀಸಿಗೆ ಕಟ್ಟಿಕೊಂಡು ಹೋದರೂ ಸಂಜೆಗೆ ಹಿಂದೆ ಬೀಳುತ್ತಿತ್ತು. ಮಾವ ಮೋಸಹೋಗಿ ನಕಲಿ ಮಾಲು ಕೊಂಡಿದ್ದಾರೆಂದು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ತೀರ್ಪು ಕೊಟ್ಟೆ.

ರಾಜಗೋಪಾಲನಗರದ ರಿಪೇರಿಯವನು ಬಿಚ್ಚಿ ನೋಡಿ ನಕ್ಕ. "ವಾಚು ಸರಿಯಾಗೇ ಇದೆ ಸಾರ್. ಕೈ ಆಡಿದ್ರೆ ಇದು ತಾನೇ ಸುತ್ಕೊಳ್ಳುತ್ತೆ. ನಿಮ್ ಕೈಗೆ ಕೆಲಸ ಕಮ್ಮಿ, ಅಷ್ಟೇ."

ಅಷ್ಟರಲ್ಲಿ ಮಾವ ಬರುತ್ತಾರೆಂದು ಕಾಗದ ಬಂತು. ನಿಂತ ಗಡಿಯಾರ ಅವರ ಕಣ್ಣಿಗೆ ಬಿದ್ದರೆ ಅಳಿಯನ ಮರ್ಯಾದೆ ಹೋದಂತೆಯೇ. ಹೆಂಡತಿ "ಕೊಡಿ ಇಲ್ಲಿ" ಎಂದು ಅದನ್ನು ತನ್ನ ಬಲಗೈಗೆ ಕಟ್ಟಿಕೊಂಡು ದಿನವೂ ಒರಳಿನಲ್ಲಿ ರುಬ್ಬಿದಳು. ಗಡಿಯಾರ ಒಂದು ನಿಮಿಷವೂ ತಪ್ಪದೆ ನಡೆಯಿತು. ಮಾವ ಬರುವ ದಿನ ಬೆಳಿಗ್ಗೆ ಅದು ಮತ್ತೆ ನನ್ನ ಕೈಗೇರಿತು.

ಮಾವ ಬಂದವರೇ ನನ್ನ ಕೈ ಹಿಡಿದು, ಚೈನಿನ ಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ಉಗುರಿನಿಂದ ಕೆರೆದರು. "ಏನಳಿಯಂದಿರೇ, ಉದ್ದು ನೀವೇ ರುಬ್ತೀರಾ?"

"ಹೂಂ" ಎಂದೆ. ಹೆಂಡತಿ ತಲೆ ಎತ್ತಲಿಲ್ಲ.

ಅವಳ ತವರಿನಲ್ಲಿ ಇಂದಿಗೂ ನಾನು ಹೆಂಡತಿಗೆ ರುಬ್ಬಿಕೊಡುವ ಅಳಿಯ. ಮಿಕ್ಕ ಅಳಿಯಂದಿರಿಗೆ ನನ್ನನ್ನು ತೋರಿಸಿ ಬೈಯುತ್ತಾರೆ. ಕೇಳಿ ಕೇಳಿ ಈಗ ನನಗೂ ಒಂದೆರಡು ಸಲ ರುಬ್ಬಿದ ನೆನಪಿದೆ. ನಿಜವೇ ಎಂದು ಹೆಂಡತಿಯನ್ನು ಕೇಳಿದೆ.

"ಒರಳು ಯಾವ ಮೂಲೇಲಿತ್ತು, ಹೇಳಿ ನೋಡೋಣ" ಎಂದಳು.